ಫರ್ನೇಸ್ ಕತ್ತರಿಸಿದ ಚಿಕ್ಕಪ್ಪ

ಕಬ್ಬಿಣ ಕತ್ತರಿಸುವಾಗ ಒಂದು ವಾಸನೆ ಬರುತ್ತದೆ. ಹಳೆಯ ಬಣ್ಣ ಸುಟ್ಟ ವಾಸನೆ, ಅದರ ಹಿಂದೆಯೇ ಗ್ಯಾಸಿನ ಘಾಟು. ಮೊನ್ನೆ ಶಿವಮೊಗ್ಗದ ನಮ್ಮ ಬೀದಿಯಲ್ಲಿ ಯಾರದೋ ಹಳೇ ಗೇಟನ್ನು ಗ್ಯಾಸ್ ಕಟರ್‌ನಲ್ಲಿ ಕತ್ತರಿಸುತ್ತಿದ್ದರು. ತರಕಾರಿ ಚೀಲ ಹಿಡಿದು ಬರುತ್ತಿದ್ದ ನಾನು ಅಲ್ಲೇ ನಿಂತುಬಿಟ್ಟೆ. ಭದ್ರಾವತಿಯ ಚಿಕ್ಕಪ್ಪ ನೆನಪಾದರು...

ಚಿಕ್ಕಪ್ಪ ಎಂದರೆ ರಕ್ತಸಂಬಂಧಿಯಲ್ಲ, ಪಕ್ಕದ ಮನೆಯವರು. ಕಬ್ಬಿಣ ಕರಗಿಸುವ ಫೌಂಡ್ರಿಯ ಹಿಂದಿನ ಲೈನ್ ಮನೆಗಳಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅಪ್ಪನೂ ಅವರೂ ಒಂದೇ ಫರ್ನೇಸಿನಲ್ಲಿ ಕಲ್ಲಿದ್ದಲು ಸುರಿಯುತ್ತಿದ್ದರು, ಕರಗಿದ ಕಬ್ಬಿಣ ಇಳಿಸುತ್ತಿದ್ದರು. ಒಮ್ಮೆ ಕಬ್ಬಿಣ ಸಿಡಿದು ಅಪ್ಪನ ಅಂಗಿಗೆ ಬೆಂಕಿ ಹತ್ತಿದಾಗ ಚಿಕ್ಕಪ್ಪ ಬರಿಗೈಯಲ್ಲೇ ಅದನ್ನು ಹರಿದು ಎಸೆದಿದ್ದರಂತೆ. "ಅವನು ನನ್ನ ತಮ್ಮ ಕಣ್ರೀ" ಎಂದು ಅಪ್ಪ ಎಲ್ಲರೆದುರೂ ಹೇಳುತ್ತಿದ್ದರು.

ಆಮೇಲೆ ಫೌಂಡ್ರಿ ಮುಚ್ಚಿತು. ಕಲ್ಲಿದ್ದಲಿನ ಲಾರಿಗಳು ನಿಂತವು. ತಂತಿಯ ಮೇಲೆ ಒಣಹಾಕಿದ ಬಟ್ಟೆ ಮೊದಲ ಸಲ ಮಸಿ ಕೂರದೆ ಸಂಜೆಯವರೆಗೂ ಬೆಳ್ಳಗೆ ಉಳಿಯಿತು. ಅದನ್ನು ನೋಡಿ ಅಮ್ಮ ಅತ್ತರು. ಅಪ್ಪ ಮತ್ತು ಜೊತೆಗಾರರು ಗೇಟಿನೆದುರು ಶಾಮಿಯಾನ ಹಾಕಿ ಧರಣಿ ಕೂತರು. ಫರ್ನೇಸ್ ಒಡೆಯದೆ ಉಳಿದರೆ ಯಾರಾದರೂ ಕೊಂಡು ಮತ್ತೆ ಹೊತ್ತಿಸಿಯಾರು ಎಂಬ ಆಸೆ ಅವರದು. ಅಷ್ಟರಲ್ಲಿ ಅದನ್ನು ಒಡೆದು ಸಾಗಿಸಲು ಗುಜರಿ ಗುತ್ತಿಗೆದಾರನೊಬ್ಬ ಬಂದ. ಚಿಕ್ಕಪ್ಪ ಗ್ಯಾಸ್ ಕಟರ್ ಹಿಡಿಯಲು ಅವನ ಕೆಲಸಕ್ಕೆ ಸೇರಿಕೊಂಡರು.

"ಅಣ್ಣ, ಅದು ಇನ್ನು ಹೊತ್ಕೊಳಲ್ಲ. ನಾನಲ್ದಿದ್ರೆ ಬೇರೆಯವನು ಕತ್ತರಿಸ್ತಾನೆ" ಎಂದರು ನಮ್ಮ ಬಾಗಿಲಲ್ಲಿ ನಿಂತು.

"ಬೇರೆಯವನೇ ಕತ್ತರಿಸ್ಲಿ ಮಾರಾಯ. ನೀನು ಬೇಡ."

ಚಿಕ್ಕಪ್ಪ ಕೇಳಲಿಲ್ಲ.

ನಾನಾಗ ಶಿವಮೊಗ್ಗದ ಕಾಲೇಜಿಗೆ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಗೇಟಿನೆದುರಿನ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಳಗೆ ಏನೋ ಉರುಳಿ ನೆಲ ನಡುಗಿತು. ತಲೆಯೆತ್ತಿ ನೋಡಿದರೆ ಫರ್ನೇಸಿನ ಚಿಮಣಿಯೇ ಇಲ್ಲ. ಶಾಮಿಯಾನದಡಿ ಕೂತವರೆಲ್ಲ ಗೇಟು ತಳ್ಳಿಕೊಂಡು ಒಳಗೆ ನುಗ್ಗಿದರು. ಚಿಕ್ಕಪ್ಪನನ್ನು ಕೂದಲು ಹಿಡಿದು ರಸ್ತೆಗೆ ಎಳೆದು ತಂದರು. ಕಲ್ಲು, ಚಪ್ಪಲಿ, ಬೆಲ್ಟು... ಸಿಕ್ಕಿದ್ದರಲ್ಲಿ ಹೊಡೆದರು. ಮೂಗು ಬಾಯಿಯಿಂದ ರಕ್ತ ಸುರಿಯುತ್ತಿತ್ತು. "ಅಣ್ಣ, ಬಿಡ್ಸಣ್ಣ!" ಎಂದು ಅವರು ಕೂಗಿದ್ದು ನನ್ನ ಅಪ್ಪನನ್ನೇ.

ಅಪ್ಪ ಗುಂಪನ್ನು ಸೀಳಿಕೊಂಡು ಹೋದರು. ಬಿಡಿಸಲು ಹೋದರೆಂದೇ ನಾನು ತಿಳಿದೆ. ಅಪ್ಪ ನೆಲದಲ್ಲಿ ಬಿದ್ದಿದ್ದ ಕಬ್ಬಿಣದ ಸರಳೆತ್ತಿ ಚಿಕ್ಕಪ್ಪನ ಬಲಗೈ ಮೇಲೆ ಹೊಡೆದರು. ಮತ್ತೂ ಹೊಡೆದರು. ಮೂಳೆ ಮುರಿದ ಸದ್ದು ಕೇಳಿತೆಂದು ನನಗೆ ಈಗಲೂ ಅನ್ನಿಸುತ್ತದೆ. ಆ ಗದ್ದಲದಲ್ಲಿ ಕೇಳಿರಲಾರದು.

ಕೇಸಾಯಿತು. ಅಪ್ಪ ಜೈಲಿಗೆ ಹೋಗಿ ಜಾಮೀನಿನ ಮೇಲೆ ಬಂದರು. ಚಿಕ್ಕಪ್ಪನ ಕೈ ನೆಟ್ಟಗೆ ಕೂಡಲಿಲ್ಲ. ಬ್ಯಾಂಡೇಜ್ ಬಿಚ್ಚಿದ ದಿನ ಅವರು ಎಡಗೈಯಲ್ಲಿ ಸುತ್ತಿಗೆ ಹಿಡಿದು ನಮ್ಮ ಮನೆಯೊಳಗೆ ಬಂದರು. ಟಿವಿ ಒಡೆದರು, ಬೀರುವಿನ ಕನ್ನಡಿ ಒಡೆದರು, ತಾಮ್ರದ ಹಂಡೆ ಜಜ್ಜಿದರು. ಅಮ್ಮ ಕಿರುಚುತ್ತಿದ್ದರು. ಅಪ್ಪ ಕುರ್ಚಿಯಿಂದ ಏಳಲಿಲ್ಲ.

"ಒಡೀಲಿ ಬಿಡೇ" ಎಂದರು.

ಕೊನೆಗೆ ಸುತ್ತಿಗೆ ಅಪ್ಪನ ತಲೆಯ ಮೇಲೆದ್ದಿತು. ಅಪ್ಪ ಕಣ್ಣು ಮುಚ್ಚಿದರು. ಸುತ್ತಿಗೆ ಚಿಕ್ಕಪ್ಪನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವರು ಹೊರಗೆ ಹೋಗಿ ನಮ್ಮ ಮೆಟ್ಟಿಲ ಮೇಲೇ ಕುಸಿದು ಕೂತರು. "ಅತ್ತಿಗೆ, ಸ್ವಲ್ಪ ನೀರು ಕೊಡಿ" ಎಂದರು. ಅಮ್ಮ ಕೊಟ್ಟರು. ಆ ವಾರವೇ ಅವರು ಶಿವಮೊಗ್ಗದ ಹತ್ತಿರದ ಮಲವಗೊಪ್ಪಕ್ಕೆ ಮನೆ ಬದಲಾಯಿಸಿದರು. ಅಪ್ಪನೂ ಅವರೂ ಮತ್ತೆ ಮಾತಾಡಲಿಲ್ಲ.

ಕಳೆದ ತಿಂಗಳು ಚಿಕ್ಕಪ್ಪ ತೀರಿಕೊಂಡರು. ಈಗ ನನ್ನ ಜೊತೆಗಿರುವ ಅಪ್ಪನನ್ನು ಕರೆದುಕೊಂಡು ಹೋದೆ. ಅವರು ಅಂಗಳದಲ್ಲೇ ನಿಂತುಬಿಟ್ಟರು. ಚಿಕ್ಕಮ್ಮ ಹೊರಗೆ ಬಂದು, "ಒಳಗೆ ಬನ್ನಿ ಭಾವ. ಇನ್ನೇನು ಹೊಡೆದಾಡ್ತೀರ ಇಬ್ರೂ?" ಎಂದರು. ಅಪ್ಪ ಒಳಗೆ ಹೋಗಿ, ಹೆಣ ಎತ್ತುವವರೆಗೂ ತಲೆಯ ಬಳಿ ಕೂತಿದ್ದರು.

ಅಲ್ಲಿಂದ ಭದ್ರಾವತಿಗೆ ಕರೆದುಕೊಂಡು ಹೋಗು ಎಂದರು. ಫೌಂಡ್ರಿ ಇದ್ದ ಕಡೆ ಈಗ ಲೇಔಟ್. ಟಾರು ರಸ್ತೆ, ಸೈಟಿನ ಕಲ್ಲುಗಳು, ಒಂದು ಮದುವೆ ಛತ್ರ. ಅಪ್ಪ ಬಿಸಿಲಿನಲ್ಲಿ ಅತ್ತಿತ್ತ ಅಲೆದರು. "ಫರ್ನೇಸ್ ಇಲ್ಲೇ ಎಲ್ಲೋ ಇತ್ತಲ್ಲೇ ಮಾರಾಯ್ತಿ... ಯಾವ ಕಡೆ ಅಂತ ಗೊತ್ತಾಗ್ತಿಲ್ಲ. ಅವನಿದ್ದಿದ್ರೆ ಹೇಳ್ತಿದ್ದ" ಎಂದರು. ಹೇಳಿ, ಆ ರಸ್ತೆಯ ಬದಿಯಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತರು.