ಗುಡ್ಡದ ರೈಲುಹಾದಿಯ ಕೊಂಡಿ

ನಮ್ಮ ಗುಡ್ಡದ ಮೇಲೆ ಒಂದು ಕಾಲಕ್ಕೆ ರೈಲು ಓಡುತ್ತಿತ್ತು ಎಂದು ಅತ್ತೆ ಹೇಳಿದರೆ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ರೈಲು ಅಂದರೆ ಬ್ಯಾಡಗಿಗೆ, ಹಾವೇರಿಗೆ, ರಾಣೆಬೆನ್ನೂರಿಗೆ ಬರುವುದು. ಗುಡ್ಡ ಹತ್ತುವ ರೈಲು ಎಂಥದು? ಅತ್ತೆ ಮಾತ್ರ ಪಟ್ಟು ಬಿಡುತ್ತಿರಲಿಲ್ಲ. ಹರೆಯದಲ್ಲಿ ಅಲ್ಲಿ ಗಣಿಯ ಅದಿರು ಹೊತ್ತಿದ್ದರಂತೆ. ಹಳಿಯ ಪಕ್ಕದ ಬಂಡೆಗೆ ಬಡಿದಿದ್ದ ಕಬ್ಬಿಣದ ಕೊಂಡಿಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುತ್ತಿದ್ದರಂತೆ. ಆ ಕೂಸೇ ನನ್ನ ಗಂಡ. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವರೂ ಅವರೇ.

"ಯವ್ವಾ, ನಿನ್ನ ರೈಲು ನಿನ್ನ ತಲಿಯೊಳಗ ಓಡತೈತಿ. ಕೊಂಡಿ ತೋರಿಸು, ನಂಬತೇನಿ," ಎಂದು ಒಮ್ಮೆ ಬೀಗರ ಎದುರಿಗೇ ಅಂದುಬಿಟ್ಟರು. ಅತ್ತೆ ಆ ದಿನ ಉಣ್ಣಲಿಲ್ಲ. ಮರುದಿನ ರೊಟ್ಟಿ ಬಡಿಯುತ್ತಿದ್ದ ನನ್ನ ಬಳಿ ಬಂದು, ಸಾಯುವುದರೊಳಗೆ ಮಗನ ಬಾಯಿ ಮುಚ್ಚಿಸಬೇಕು, ನಡಿ ಎಂದರು. ನನಗೂ ಅಷ್ಟೇ ಬೇಕಾಗಿತ್ತು. ಕಂಡದ್ದನ್ನೆಲ್ಲ ಕೆದಕದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ಮನೆಗೆ ಮೊದಲ ಮೊಬೈಲ್ ಬಂದ ವರ್ಷ ಅದು. ಊರೊಳಗೆ ರೇಂಜ್ ಸಿಗದೆ ಜನ ಗುಡ್ಡವನ್ನು ಸ್ವಲ್ಪ ಹತ್ತಿ ಮಾತಾಡುತ್ತಿದ್ದರು. ನಾದಿನಿಗೆ ಫೋನ್ ಮಾಡುತ್ತೇವೆಂದು ನೆಪ ಹೇಳಿ ನಾವೂ ಹೊರಟೆವು.

ದಿನಾ ಕಂಡ ಗಾಡಿ ಹಾದಿಯೇ, ಆದರೂ ಅಂದು ಒಂದೊಂದೂ ಹೊಸದಾಗಿ ಕಂಡಿತು. ಏರು ಅನ್ನುವುದೇ ಕಾಲಿಗೆ ತಿಳಿಯುತ್ತಿರಲಿಲ್ಲ. ಗಾಡಿ ಹಾದಿ ಹೀಗೆ ಸುತ್ತು ಹಾಕಿ ಏರುವುದಿಲ್ಲ, ಎತ್ತಿಗೆ ಇಷ್ಟು ನಾಜೂಕು ಯಾರು ಮಾಡುತ್ತಾರೆ ಎಂದರು ಅತ್ತೆ. ಖರೇ ಅನ್ನಿಸಿತು. ಹಳ್ಳದ ಮೇಲೆ ಕಲ್ಲಿನ ಕಮಾನಿನ ಸೇತುವೆ. ಅದರ ಮೇಲೆ ಯಾರೋ ಮೆಣಸಿನಕಾಯಿ ಒಣಹಾಕಿದ್ದರು. ಎಂಜಿನ್ನಿಗೆ ನೀರು ತುಂಬುತ್ತಿದ್ದ ಕಲ್ಲಿನ ತೊಟ್ಟಿಯಲ್ಲಿ ಈಗ ಕುರಿಗಳು ನೀರು ಕುಡಿಯುತ್ತಿದ್ದವು. ಹಳಿಗಳನ್ನು ಎಂದೋ ಕಿತ್ತೊಯ್ದಿದ್ದರು. ಹಾಗಾದರೆ ಶಾಲೆಯಲ್ಲಿ ಗಂಟೆಯೆಂದು ಬಡಿಯುವ ಕಬ್ಬಿಣದ ತುಂಡು ಎಲ್ಲಿಯದು ಎಂದು ಕೇಳಿದೆ. ಅತ್ತೆ ನಕ್ಕರು.

ಸೇತುವೆಯಾಚೆ ಜಾಲಿಮುಳ್ಳು. ನಮ್ಮೂರವರು ಅದನ್ನು ದಾಟುತ್ತಿರಲಿಲ್ಲ. ಸೀರೆ ಹರಿದುಕೊಂಡು ದಾಟಿದೆವು. ಮುಂದೆ ಎರಡೂ ಕಡೆ ಬಂಡೆ ಕಡಿದು ಮಾಡಿದ ಹಾದಿ, ಒಳಗೆ ತಂಪು. ಅತ್ತೆ ನನಗಿಂತ ಮುಂದೆ ಓಡಿದರು.

ಕೊಂಡಿ ಇತ್ತು. ಆದರೆ ಅದಕ್ಕೆ ಅರಿಷಿಣ ಕುಂಕುಮ ಮೆತ್ತಿ, ಹಸಿರು ಬಳೆ ತೊಡಿಸಿ, ಸುತ್ತ ಬಟ್ಟೆಯ ಪುಟ್ಟ ತೊಟ್ಟಿಲುಗಳನ್ನು ಕಟ್ಟಿದ್ದರು. ಕೆಳಗೆ ಒಬ್ಬ ಹೆಣ್ಣುಮಗಳು ಕೈಯಲ್ಲಿ ಅಂಥದೇ ತೊಟ್ಟಿಲು ಹಿಡಿದು ನಿಂತಿದ್ದಳು, ಗುಡ್ಡದಾಚೆಯ ಗುತ್ತಲದ ಕಡೆಯವಳು. ಈ ದೇವಿ ತೊಟ್ಟಿಲವ್ವ, ಹಿಂದೊಮ್ಮೆ ಇಲ್ಲಿ ತಾನಾಗಿ ತೊಟ್ಟಿಲು ತೂಗುವುದನ್ನು ದನ ಕಾಯುವವರು ಕಂಡಿದ್ದರು ಎಂದು ನಮಗೇ ತಿಳಿಸಿಕೊಟ್ಟಳು. ಅವಳಿಗೆ ಮದುವೆಯಾಗಿ ಎಂಟು ವರ್ಷ, ಮಕ್ಕಳಿರಲಿಲ್ಲ.

ನನಗೆ ನಗು ಒತ್ತಿಬಂತು. ತೊಟ್ಟಿಲವ್ವ ಇಲ್ಲೇ ನನ್ನ ಪಕ್ಕದಲ್ಲಿ ನಿಂತಿದ್ದಾಳೆ ಎನ್ನಲು ಬಾಯಿ ತೆರೆದೆ. ಅತ್ತೆ ನನ್ನ ರಟ್ಟೆ ಹಿಡಿದು ಹಿಂಡಿದರು.

ಅವಳ ಕೈ ಕೊಂಡಿಗೆ ನಿಲುಕುತ್ತಿರಲಿಲ್ಲ. ಬಂಡೆಯಲ್ಲಿ ಕಾಲಿಡಲು ಒಂದು ಕುಳಿ ಇತ್ತು. ನೋಡದೆಯೇ ಅತ್ತೆಯ ಕಾಲು ಅಲ್ಲಿಗೆ ಹೋಯಿತು. ಮೇಲೇರಿ, ಅವಳ ತೊಟ್ಟಿಲನ್ನು ತಾವೇ ಗಂಟು ಹಾಕಿದರು.

"ನಾನೂ ಇಲ್ಲೇ ಕಟ್ಟಿದ್ದೆ ತಂಗಿ," ಅಂದರು. "ನನ್ನ ಮಗ ಗಟ್ಟಿಮುಟ್ಟಾಗಿ ಅದಾನ."

ಅವಳು ಅತ್ತೆಯ ಕಾಲಿಗೆ ಬಿದ್ದು ಅತ್ತಳು. ನನಗೂ ಅಳು ಬಂತು, ನಾಚಿಕೆಯಿಂದ.

ರಾತ್ರಿ ಊಟಕ್ಕೆ ಕೂತ ಗಂಡ ನನ್ನ ಹರಿದ ಸೀರೆ ನೋಡಿ ಎಲ್ಲ ಊಹಿಸಿದರು. ಕೊಂಡಿ ಸಿಕ್ಕಿತೇನವ್ವ ಎಂದು ಕಣ್ಣು ಮಿಟುಕಿಸಿದರು.

"ಇಲ್ಲಪ್ಪ. ನನಗೇ ಏನೋ ಭ್ರಮಾ ಆಗಿತ್ತು," ಅಂದರು ಅತ್ತೆ.

ಗಂಡ ಗೆದ್ದವರಂತೆ ನಕ್ಕರು. ನಿಜ ಹೇಳಿಬಿಡಬೇಕೆಂದಿದ್ದೆ; ಗುತ್ತಲದವಳ ತೊಟ್ಟಿಲು ನೆನಪಾಗಿ ಪಲ್ಯ ಬಡಿಸಿದೆ. ಅತ್ತೆ ನನ್ನ ಕಡೆ ನೋಡದೆ ಮಗನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.