ತಂಗಿಯ ಕಾಲಿನ ಮೇಲೆ ಕಣ್ಣು

ನರೇಗಲ್ಲಿನ ಬಜಾರದಲ್ಲಿ ಕುಪ್ಪಸ ಹೊಲಿಯುವ ನಿರ್ಮಲಾಳಿಗೆ ತಂಗಿ ಶಾಂಭವಿಯನ್ನು ಕಂಡರೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಯಾಕೆ ಹೇಳಬೇಕು, ಇತ್ತು ಅಂದರೆ ಇತ್ತು. ಚಿಕ್ಕಂದಿನಲ್ಲಿ ರೋಣದ ತವರುಮನೆಯಲ್ಲಿ ತಾಯಿ ಚನ್ನವ್ವ ಬಿಸಿ ರೊಟ್ಟಿಯನ್ನು ಮೊದಲು ತಂಗಿಯ ತಾಟಿಗೆ ಹಾಕಿದ ದಿನವೇ ಅದು ಹೊತ್ತಿಕೊಂಡಿತ್ತು. ಮುಂದೆ ತಂಗಿಗೆ ಗಜೇಂದ್ರಗಡದ ಸೀರೆ ಅಂಗಡಿಯ ಮನೆ ಸಿಕ್ಕಿತು, ತನಗೆ ಕೊಟ್ರೇಶ ಸಿಕ್ಕ. ಪಾಪ, ಕೊಟ್ರೇಶ ಒಳ್ಳೆಯವನೇ. ಕಾಳಿನ ಅಂಗಡಿ, ಮಾತು ಕಡಿಮೆ, ಸಾರಿಗೆ ಉಪ್ಪಿಲ್ಲದಿದ್ದರೂ ತಾಟು ಸರಿಸುವವನಲ್ಲ. ಆದರೆ ಹೊಟ್ಟೆಕಿಚ್ಚಿಗೆ ಗಂಡನ ಒಳ್ಳೆಯತನ ಎಲ್ಲಿ ಕಾಣಬೇಕು! ತನಗೆ ಮಕ್ಕಳಾಗದ್ದು ಬೇರೆ ಸೇರಿಕೊಂಡಿತು.

ಇಷ್ಟನ್ನೂ ಹೇಗೋ ನುಂಗಿಕೊಂಡಿದ್ದಳು. ನುಂಗಲಾಗದ್ದು ಕಾಲಿನ ಸಂಗತಿ. ಮೂವತ್ತೈದು ದಾಟುತ್ತಿದ್ದಂತೆ ಅವಳ ಕಾಲುಗಳು ಬಿಗಿಯತೊಡಗಿದವು. ನಡೆದರೆ ಹೆಬ್ಬೆರಳು ನೆಲಕ್ಕೆ ಎಡವುತ್ತಿತ್ತು. ಮಂಡಿ ಮಡಚು ಎಂದರೆ ಕೊಂಚ ತಡೆದು, ಆಮೇಲೆ ಜಗ್ಗಿದಂತೆ ಮಡಚುತ್ತಿತ್ತು. ಹೊಲಿಗೆ ಮಷಿನ್ನಿನ ಪೆಡಲಿನ ಮೇಲೆ ಹಿಮ್ಮಡಿ ತನ್ನಷ್ಟಕ್ಕೆ ತಾನೇ ಗಡಗಡ ನಡುಗುತ್ತಿತ್ತು. ಚನ್ನವ್ವ ‘ವಾಯು’ ಎಂದು ಎಣ್ಣೆ ತಿಕ್ಕಿಸಿದಳು. ತೀರಿಕೊಂಡ ಅಪ್ಪನೂ ಕೊನೆಕೊನೆಗೆ ಗೋಡೆ ಹಿಡಿದು ನಡೆಯುತ್ತಿದ್ದ, ಅದೂ ವಾಯುವೇ ಎಂದು ಮನೆಮಂದಿಯೆಲ್ಲ ನಂಬಿದ್ದರು.

ಅತ್ತ ಶಾಂಭವಿ ಸೋಮವಾರ ಬಂತೆಂದರೆ ಕಾಲಕಾಲೇಶ್ವರ ಗುಡಿಯ ಮೆಟ್ಟಿಲನ್ನು ಬರಿಗಾಲಲ್ಲಿ ಏರಿ, ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಿದ್ದಳು. ನಿರ್ಮಲಾ ಆ ಫೋಟೋಗಳನ್ನು ಬೆರಳಿನಿಂದ ಹಿಗ್ಗಿಸಿ ನೋಡುತ್ತಿದ್ದಳು. ಮುಖವನ್ನಲ್ಲ, ಬೆಳ್ಳಿ ಕಾಲ್ಗೆಜ್ಜೆಯ ಕೆಳಗಿನ ಆ ಪಾದಗಳನ್ನು. ಹಲ್ಲು ಕಡಿದುಕೊಂಡು ಮೆಚ್ಚುಗೆಯ ಒಂದು ಹೆಬ್ಬೆರಳಿನ ಗುರುತನ್ನೂ ಒತ್ತುತ್ತಿದ್ದಳು, ಮತ್ತೇನು ಮಾಡುತ್ತಾಳೆ.

ಕೊಟ್ರೇಶ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದ. ನರರೋಗದ ಡಾಕ್ಟರಮ್ಮ ರಕ್ತ ತೆಗೆಸಿ, ಜೀನ್ ಪರೀಕ್ಷೆಗೆ ಕಳಿಸಿ, ಫಲಿತಾಂಶ ಬಂದ ಮೇಲೆ ಎದುರಿಗೆ ಕೂರಿಸಿಕೊಂಡು ಹೇಳಿದಳು.

“ನಮ್ಮ ಜೀವಕೋಶದೊಳಗ ಹಮಾಲರು ಇರ್ತಾರ್ರಿ. ಮೋಟಾರ್ ಪ್ರೋಟೀನ್ ಅಂತೀವಿ. ಅದರೊಳಗ ಕೈನೆಸಿನ್ ಅಂಬೋದಕ್ಕ ಎರಡು ಕಾಲು. ನರದ ಎಳಿಯೊಳಗ ಹಳಿ ಇದ್ದಂಗ ಇರತೈತಿ, ಅದರ ಮ್ಯಾಲೆ ಒಂದು ಕಾಲು ಊರಿ ಇನ್ನೊಂದು ಕಿತ್ತಿ ಸಾಮಾನು ಹೊತಗೊಂಡು ತುದೀಮಟ ನಡೀತೈತಿ. ಡೈನೀನ್ ಅಂತ ಇನ್ನೊಂದು, ಅದು ತುದಿಯಿಂದ ಕಸಾ ಹೊತ್ತು ವಾಪಸ್ ಬರತೈತಿ.”

“ನನ್ನ ಹಮಾಲರಿಗೆ ಏನಾಗೇತ್ರಿ?” ಎಂದಳು ನಿರ್ಮಲಾ.

“ಕೈನೆಸಿನ್ ತಯಾರ ಮಾಡೋ ಜೀನಿನೊಳಗ ಹುಟ್ಟಿದಾಗಿಂದ ಒಂದು ತಪ್ಪೈತಿ. ಹಂಗಾಗಿ ಹಮಾಲರು ಕುಂಟತಾರ. ಸಣ್ಣ ದಾರಿ ಹ್ಯಾಂಗರೆ ನಡೀತೈತಿ. ಮಿದುಳಿಂದ ಬೆನ್ನಿನ ತಳಕ್ಕ ಇಳದು ಕಾಲಿಗೆ ಅಪ್ಪಣಿ ಕೊಡೋ ಎಳಿ ಭಾಳ ಉದ್ದ, ಅದರ ತುದಿಗೆ ಸಾಮಾನು ಮುಟ್ಟೂದಿಲ್ಲ. ಅದಕ್ಕ ನಿಮ್ಮ ಕೈ ಚಲೋ ಅದಾವ, ಕಾಲು ಬಿಗದಾವ.”

“ನಮ್ಮ ಮಷಿನ್ನಿನ ಮೋಟರ್ ಸುಟ್ಟರ ಬ್ಯಾರೇದ್ ಹಾಕಸ್ತೀವ್ರಿ. ಇದಕ್ಕ ಹಂಗ ಇಲ್ಲೇನ್ರಿ?”

“ಇನ್ನೂ ಇಲ್ರಿ. ಬಿಗುವಿಗೆ ಗುಳಿಗಿ ಐತಿ, ದಿನಾ ಕಾಲು ಎಳೆಯೋ ವ್ಯಾಯಾಮ ಐತಿ. ಜೀವಕ್ಕ ಅಂಜಿಕಿ ಇಲ್ಲ.” ಡಾಕ್ಟರಮ್ಮ ಕನ್ನಡಕ ತೆಗೆದಳು. “ಇದು ನಿಮ್ಮ ಅಪ್ಪನ ಕಡೆಯಿಂದ ಬಂದಿರಬೇಕು. ತಂಗಿಗೂ ಬಂದಿರಬಹುದು, ಬರದೇನೂ ಇರಬಹುದು, ಎರಡೂ ಸಮಾಸಮ. ಅವರಿಗೆ ಹೇಳ್ರಿ. ಮಕ್ಕಳ ವಿಚಾರ ಮಾಡೂಕಿಂತ ಮೊದಲ ಗೊತ್ತಾದ್ರ ಚಲೋ.”

ಹೇಳಬೇಕಿತ್ತು. ಹೇಳಲಿಲ್ಲ. ಮರೆತಳೇ? ಎಲ್ಲಿಯ ಮರೆವು! ಹೇಳಿದರೆ ಶಾಂಭವಿ ಪರೀಕ್ಷೆ ಮಾಡಿಸುತ್ತಾಳೆ, ಅದರಲ್ಲಿ ಏನೂ ಇಲ್ಲ ಎಂದು ಬಂದರೆ? ರೊಟ್ಟಿಯೂ ಅವಳದು, ಸೀರೆ ಅಂಗಡಿಯೂ ಅವಳದು, ಕೊನೆಗೆ ಅಪ್ಪನ ಒಳ್ಳೆಯ ಪಾಲೂ ಅವಳದೇ ಎಂದು ಕಾಗದದ ಮೇಲೆ ಬರೆದುಕೊಟ್ಟಂತಾಗುತ್ತದೆ. ಅದನ್ನು ಕೇಳುವ ಶಕ್ತಿ ನಿರ್ಮಲಾಳಿಗೆ ಇರಲಿಲ್ಲ. ಹೆಂಡತಿ ಹೇಳಿರಬೇಕು ಎಂದುಕೊಂಡು ಕೊಟ್ರೇಶ ಸುಮ್ಮನಿದ್ದ. ತಾಯಿಗೆ ಅವಳು ‘ವಾಯುನ ಅಂತ’ ಎಂದು ಹೇಳಿ ಮುಗಿಸಿದಳು.

ಈ ಸಲ ನಾಗರ ಪಂಚಮಿಗೆ ಅಕ್ಕತಂಗಿಯರಿಬ್ಬರೂ ರೋಣಕ್ಕೆ ಬಂದರು. ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು. ಉಂಡಿ ಕಟ್ಟುತ್ತ ಶಾಂಭವಿ ತಾಯಿಯ ಕಿವಿಯಲ್ಲಿ ಹೇಳಿದ್ದು ನಿರ್ಮಲಾಳಿಗೂ ಕೇಳಿತು: ಬರುವ ಪಂಚಮಿಗೆ ತೊಟ್ಟಿಲೂ ತಯಾರಿರಲಿ, ಗಂಡಹೆಂಡತಿ ಇಬ್ಬರೂ ಮನಸ್ಸು ಮಾಡಿದ್ದೇವೆ. ನಿರ್ಮಲಾಳ ಕೈಯಲ್ಲಿದ್ದ ಉಂಡಿ ಪುಡಿಪುಡಿಯಾಯಿತು. ಆಗಲಾದರೂ ಬಾಯಿ ಬಿಡಬಾರದೇ? ಬಿಡಲಿಲ್ಲ, ಮತ್ತೆ ಪಾಕಕ್ಕೆ ಕೈ ಹಾಕಿದಳು.

ಆ ಮನೆಯಲ್ಲಿ ಒಂದು ಪದ್ಧತಿ. ಜೋಕಾಲಿಯ ಹಲಗೆಯ ಮೇಲೆ ಮೊದಲು ಅಕ್ಕತಂಗಿಯರು ಎದುರುಬದುರು ನಿಲ್ಲಬೇಕು. ಕಿರಿಯಳು ಮಂಡಿ ಮಡಚಿ ಜೀಕಿ ಜೋಕಾಲಿ ಏರಿಸಬೇಕು, ಹಿರಿಯಳು ಹಗ್ಗ ಹಿಡಿದು ಸುಮ್ಮನೆ ನಿಂತಿದ್ದು ಆಮೇಲೆ ಸೇರಿಕೊಳ್ಳಬೇಕು. “ನನಗ ಆಗೂದಿಲ್ಲ ಬಿಡ್ರಿ” ಎಂದಳು ನಿರ್ಮಲಾ. “ಬಾ ಅಕ್ಕಾ, ನಾ ಅದೀನಲ್ಲ!” ಎಂದು ಶಾಂಭವಿ ಕೈ ಹಿಡಿದು ಹತ್ತಿಸಿಯೇ ಬಿಟ್ಟಳು. ಓಣಿಯ ಹೆಂಗಸರೆಲ್ಲ ನೋಡುತ್ತಿದ್ದರು. ತನ್ನ ಬಿಗಿದ ಕಾಲನ್ನು ಊರಿಗೆಲ್ಲ ತೋರಿಸಲೆಂದೇ ಹತ್ತಿಸಿದ್ದಾಳೆ, ಹಾಳಾದವಳು ಎಂದು ನಿರ್ಮಲಾ ಒಳಗೇ ಶಪಿಸಿದಳು.

ಶಾಂಭವಿ ಜೀಕಿದಳು. ಒಂದು, ಎರಡು, ಮೂರು. ಅಷ್ಟರಲ್ಲಿ ಹಲಗೆ ತುಸು ತಡವರಿಸಿ, ಆಮೇಲೆ ಜಗ್ಗಿತು. ಮತ್ತೆ ಜೀಕಿದಾಗ ಮತ್ತೆ ಹಾಗೆಯೇ ಆಯಿತು, ಅದರ ಹಿಂದೆಯೇ ಸಣ್ಣ ನಡುಕವೊಂದು ಹಲಗೆಯಲ್ಲಿ ಹಾದು ನಿರ್ಮಲಾಳ ಅಂಗಾಲಿಗೆ ಬಂತು. ಕೆಳಗಿದ್ದವರಿಗೆ ಅದು ಕಾಣುವಂಥದ್ದಲ್ಲ. ಆ ನಡುಕ ಯಾವುದೆಂದು ನಿರ್ಮಲಾಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮೊದಲು ಏನನ್ನಿಸಿತು ಗೊತ್ತೇ? ಖುಷಿ! ನಿನಗೂ ಬಂತೇ, ಬಾ, ಬಾ ಎಂದು ಎದೆ ಕುಣಿಯಿತು. ಇಷ್ಟು ವರ್ಷ ಕಾದದ್ದು ಕಾಲ ಕೆಳಗೇ ಸಿಕ್ಕಿತ್ತು.

ಶಾಂಭವಿಯ ಮುಖ ಎದುರಿಗೇ ಇತ್ತು. ಬೆವರಿತ್ತು, ನಗುತ್ತಿತ್ತು, ಅವಳಿಗೆ ಏನೂ ಗೊತ್ತಿರಲಿಲ್ಲ. ಬರುವ ವರ್ಷದ ತೊಟ್ಟಿಲು ನಿರ್ಮಲಾಳಿಗೆ ನೆನಪಾಯಿತು. ಕುಣಿದ ಎದೆಯ ಮೇಲೆಯೇ ಅವಳಿಗೆ ಹೇಸಿಗೆ ಬಂತು.

“ಅಕ್ಕಾ, ಹಿಂಗ್ಯಾಕ ತಡದು ತಡದು ಜೀಕತೀ?” ಶಾಂಭವಿ ಎಲ್ಲರಿಗೂ ಕೇಳುವಂತೆ ನಕ್ಕಳು. “ನಿನ್ನ ಕಾಲಿನ ಸಲುವಾಗಿ ಜೋಕಾಲಿ ಏರವಲ್ತು ನೋಡು!”

ಕೆಳಗೆ ಹೆಂಗಸರೂ ನಕ್ಕರು. ನಿರ್ಮಲಾ ಒಂದು ಕೈಯನ್ನು ಹಗ್ಗದಿಂದ ಬಿಡಿಸಿ ತಂಗಿಯ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಳು.

“ಶಾಂಭವಿ,” ಎಂದಳು, ತಂಗಿಗೆ ಮಾತ್ರ ಕೇಳುವಂತೆ. “ನಾ ಇನ್ನೂ ಜೀಕೇ ಇಲ್ಲ.”