ಕಮಿಟಿ ಸೀತನಿ ತಿಂದ ಮಧ್ಯಾಹ್ನ

ನಮ್ಮೂರ ಕಾಲೇಜಿನ ಕೆಮಿಸ್ಟ್ರಿ ಲ್ಯಾಬು ಮೊದಲು ಹತ್ತಿ ಗೋದಾಮಾಗಿತ್ತು. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ, ಒಳಗೆ ಕಾಲಿಟ್ಟವರು ಸೀನಿಯೇ ತಿಳಿದುಕೊಳ್ಳುತ್ತಿದ್ದರು. ಎಷ್ಟು ಗುಡಿಸಿದರೂ ತೊಲೆಗಳ ಸಂದಿಯಿಂದ ಹತ್ತಿಯ ಎಳೆ ಇಳಿಯುತ್ತಲೇ ಇತ್ತು. ಒಂದು ಪ್ರಾಕ್ಟಿಕಲ್ ಮುಗಿಸಿ ಹೊರಬರುವಷ್ಟರಲ್ಲಿ ನನ್ನ ಜಡೆಯಲ್ಲಿ ಒಂದು ದಿಂಬಿಗೆ ಸಾಲುವಷ್ಟು ಹತ್ತಿ ಸೇರಿರುತ್ತಿತ್ತು. ನಮ್ಮವ್ವ ಅದನ್ನು ಬಿಡಿಸಿ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು ಎಂದರೆ ನೀವು ನಂಬುವುದಿಲ್ಲ. ಅರ್ಧವಾದರೂ ನಂಬಿ.

ಊರು ಗರಗದಿಂದ ಆಚೆ. ಎಮ್ಮೆಗಳು ರಸ್ತೆ ಬಿಟ್ಟುಕೊಟ್ಟರೆ ಧಾರವಾಡಕ್ಕೆ ಬಸ್ಸಿನಲ್ಲಿ ಮುಕ್ಕಾಲು ತಾಸು. ಊರ ಹಿರಿಯರೇ ಸೇರಿ ಒಂದು ಸಂಸ್ಥೆ ಮಾಡಿ ಕಟ್ಟಿದ ಕಾಲೇಜು ಅದು. ಪಿಯುಸಿಯಲ್ಲಿ ಸೈನ್ಸ್ ಇತ್ತು, ಡಿಗ್ರಿಯಲ್ಲಿ ಮಾತ್ರ ಬರೀ ಬಿ.ಎ. ಹಾಗಾಗಿ ಸೈನ್ಸಿನವರು ಪಿಯುಸಿ ಮುಗಿದ ಮೇಲೆ ಧಾರವಾಡದ ಬಸ್ಸು ಹತ್ತಬೇಕು, ಇಲ್ಲವೇ ಕಲಿತದ್ದನ್ನೆಲ್ಲ ಮಜ್ಜಿಗೆ ಕಡೆಯುವಾಗ ನೆನಪಿಸಿಕೊಳ್ಳಬೇಕು.

ನನಗೆ ಬಸ್ಸಿನ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ನನ್ನ ಬೆಂಚಿನ ಎಡಕ್ಕೆ ಕೂರುತ್ತಿದ್ದ ಗೆಳತಿಯದು.

ಶಾಲೆಯ ಒಂದನೆಯ ಇಯತ್ತೆಯಿಂದ ಅವಳು ನನ್ನ ಎಡಕ್ಕೇ ಕೂತವಳು. ನಾನು ಮಾತಾಡುವುದು, ಅವಳು ಬರೆಯುವುದು ಎಂದು ನಮ್ಮೊಳಗೆ ಕೆಲಸ ಹಂಚಿಕೆಯಾಗಿತ್ತು. ಲ್ಯಾಬಿನಲ್ಲಿ ಅವಳ ಕೈಚಳಕವೇ ಬೇರೆ. ಗಾಜಿನ ಉದ್ದ ನಳಿಗೆಯಿಂದ ಹನಿಹನಿಯಾಗಿ ದ್ರಾವಣ ಬಿಡುತ್ತ, ಕೆಳಗಿನ ಫ್ಲಾಸ್ಕಿನ ನೀರು ಗುಲಾಬಿಯಾಗುವ ಗಳಿಗೆಯನ್ನು ಹಿಡಿಯಬೇಕಲ್ಲ, ಆ ಆಟ. ಒಂದು ಹನಿ ಹೆಚ್ಚಾದರೆ ಕೆಲಸ ಕೆಟ್ಟಿತು. ನನ್ನದು ಯಾವಾಗಲೂ ಮದುಮಗಳ ಸೀರೆಯ ಬಣ್ಣಕ್ಕೆ ಬಂದು ನಿಲ್ಲುತ್ತಿತ್ತು. ಅವಳದು ಹುಟ್ಟಿದ ಕೂಸಿನ ಹಿಮ್ಮಡಿಯ ಹಾಗೆ, ಇದೆಯೋ ಇಲ್ಲವೋ ಎನ್ನುವಷ್ಟು ಗುಲಾಬಿ. ನಾನು ಬಿಡುವಾಗ ಎಡಕ್ಕೆ ತಿರುಗಿ "ಸಾಕಾ?" ಎನ್ನುತ್ತಿದ್ದೆ. ಅವಳು "ಇನ್ನೊಂದು ಹನಿ" ಎನ್ನುತ್ತಿದ್ದಳು. ಅಷ್ಟರಲ್ಲಿ ನಾನು ಹತ್ತು ಹನಿ ಬಿಟ್ಟಿರುತ್ತಿದ್ದೆ.

ಅವಳ ಮನೆಯಲ್ಲಿ ಅಜ್ಜನ ಮಾತೇ ಮಾತು. ಹತ್ತಿ ವ್ಯಾಪಾರ ಮಾಡಿ ಬಿಟ್ಟ ಮನುಷ್ಯ, ಸಂಸ್ಥೆಯ ಹಿರಿಯರಲ್ಲೆಲ್ಲ ಹಿರಿಯ. ಅವರು ತಲೆಗೆ ಸುತ್ತುವ ಪಟಕ ಎಷ್ಟು ದೊಡ್ಡದೆಂದರೆ ಅದನ್ನು ಬಿಚ್ಚಿ ಹಾಸಿದರೆ ಊರಿನ ಅರ್ಧ ಮಂದಿ ಅದರ ಮೇಲೆ ಊಟಕ್ಕೆ ಕೂರಬಹುದು. ಮೊಮ್ಮಗಳ ಓದಿನ ಮಾತು ಬಂದಾಗ ಅವರು ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟಿದ್ದರು.

"ಓದಬ್ಯಾಡ ಅಂತ ಯಾರಂದ್ರು? ಓದಲಿ. ಊರಾಗ ಓದಲಿ. ಬಸ್ಸಿನ್ಯಾಗ ಜೋತಾಡಕೋತ ಹೋಗಿ ಕಲಿಯೂ ವಿದ್ಯಾ ನಮ್ಮ ಮನಿಗೆ ಬ್ಯಾಡ."

"ಅಜ್ಜಾರ, ನಾನೂ ಬಸ್ಸಿಗೇ ಹೋಗಾಕಿರಿ" ಎಂದೆ.

"ನೀ ಹೋಗವಾ. ನಿನ್ನ ಬಾಯಿಗೆ ಅಂಜಿ ಕಂಡಕ್ಟರನ ಇಳದು ನಡಕೋತ ಬರ್ತಾನ."

ಆದರೆ ಅಜ್ಜ ಬರೀ ಮಾತಿನ ಮನುಷ್ಯರಲ್ಲ. ಮೊಮ್ಮಗಳು ಊರಲ್ಲೇ ಓದಬೇಕೆಂದರೆ ಊರಿಗೇ ಬಿ.ಎಸ್ಸಿ. ಬರಬೇಕು ಎಂದು ಸಂಸ್ಥೆಯ ಮೀಟಿಂಗಿನಲ್ಲಿ ಎದ್ದು ನಿಂತು, ತಮ್ಮ ಗೋದಾಮನ್ನೇ ಲ್ಯಾಬಿಗೆ ಬಿಟ್ಟುಕೊಟ್ಟರು. ಅದು ಇದ್ದದ್ದು ಕಾಲೇಜಿನಿಂದ ಸ್ವಲ್ಪ ದೂರ, ಹೊಲದ ದಾರಿಯಲ್ಲಿ. ಅಲ್ಲಿ ಕಲ್ಲಿನ ಮೇಜು ಬಂದವು, ನಳ ಬಂದವು, ಗಾಜಿನ ಸಾಮಾನು ಬಂದವು. ಹತ್ತಿ ಮಾತ್ರ ಹೋಗಲಿಲ್ಲ.

ಹೊಸ ಡಿಗ್ರಿ ಕೊಡಲು ಅಪ್ಪಣೆ ಪಡೆಯುವುದು ಥೇಟ್ ಕನ್ಯಾ ತೋರಿಸುವ ಕೆಲಸ. ಕಾಲೇಜಿನವರು ಅರ್ಜಿ ಹಾಕುತ್ತಾರೆ. ವಿಶ್ವವಿದ್ಯಾಲಯದಿಂದ ಕಮಿಟಿ ನೋಡಲು ಬರುತ್ತದೆ. ಕೋಣೆ ಎಷ್ಟು, ಪುಸ್ತಕ ಎಷ್ಟು, ಲ್ಯಾಬು ಇದೆಯೋ ಇಲ್ಲವೋ, ಕಲಿಸುವವರು ಯಾರು ಎಂದೆಲ್ಲ ಕೇಳಿ, ಉಪ್ಪಿಟ್ಟು ತಿಂದು, ಆಮೇಲೆ ತಿಳಿಸುತ್ತೇವೆ ಎಂದು ಹೋಗುತ್ತದೆ. ಕಮಿಟಿ ಒಳ್ಳೆಯ ವರದಿ ಬರೆದರೆ ಕಾಗದ ಬೆಂಗಳೂರಿಗೆ ಹೋಗಿ ಸರ್ಕಾರ ಹೂಂ ಅನ್ನಬೇಕು. ಆಮೇಲಷ್ಟೇ ಲಗ್ನ.

ನಾವು ಎರಡನೆಯ ಪಿಯುಸಿಯಲ್ಲಿದ್ದಾಗ, ಜೋಳದ ತೆನೆ ಹಾಲುಗಾಳು ಕಟ್ಟಿದ ಚಳಿಯ ದಿನಗಳಲ್ಲಿ, ಆ ಕಮಿಟಿ ಬಂತು. ಲ್ಯಾಬಿನಲ್ಲಿ ಪ್ರಯೋಗ ಮಾಡಿ ತೋರಿಸಲು ಕೆಮಿಸ್ಟ್ರಿ ಸರ್ ಅವಳನ್ನು ಆರಿಸಿದರು. ವಿವರಿಸಿ ಹೇಳಲು ನನ್ನನ್ನು. ನನ್ನನ್ನು ಆರಿಸಿದ್ದು ಯಾಕೆಂದರೆ ಆರಿಸದಿದ್ದರೂ ನಾನು ಹೇಳುತ್ತಿದ್ದೆ.

ಬೆಳಿಗ್ಗೆಯೇ ನಾವು ಬಿಳಿ ಕೋಟು ಹಾಕಿಕೊಂಡು ಗೋದಾಮಿನಲ್ಲಿ ನಿಂತೆವು. ಅವಳು ಫ್ಲಾಸ್ಕು ತೊಳೆದು, ಹನಿ ಬಿಟ್ಟು, ಆ ಹುಟ್ಟಿದ ಕೂಸಿನ ಬಣ್ಣ ತಂದು ಬಿಳಿ ಟೈಲ್ಸಿನ ಮೇಲೆ ಇಟ್ಟಳು. ಇಡೀ ಗೋದಾಮಿನಲ್ಲಿ ಅಷ್ಟು ಚೆಂದದ್ದು ಇನ್ನೊಂದಿರಲಿಲ್ಲ.

"ಇದು ಹಿಂಗ ಬಂದ್ರ ಮೂರು ವರ್ಷ ಇಲ್ಲೇ" ಎಂದಳು. "ನೀನೂ ಧಾರವಾಡಕ್ಕ ಹೋಗಬ್ಯಾಡ. ಇಲ್ಲೇ ಇರು."

"ನಾ ಇಲ್ಲೇ ಇದ್ರ ಧಾರವಾಡದ ಗತಿ ಏನಲೇ?" ಎಂದೆ.

ಆದರೆ ನಾನೂ ಮನಸ್ಸಿನಲ್ಲಿ ಜಾಗ ಗುರುತು ಮಾಡಿಟ್ಟಿದ್ದೆ. ಕಿಟಕಿಯ ಪಕ್ಕದ ಮೇಜು, ಬಲಕ್ಕೆ ನಾನು, ಎಡಕ್ಕೆ ಅವಳು.

ಕಾಲೇಜಿನ ಕಟ್ಟಡ ನೋಡಿ ಮುಗಿಯಿತು, ಇನ್ನೇನು ಹೊರಟರು ಎಂದು ಪ್ರಿನ್ಸಿಪಾಲರ ಫೋನು ಬಂತು. ಸರ್ ಕ್ರಾಪು ತೀಡಿಕೊಂಡರು. ನಾವು ನೆಟ್ಟಗೆ ನಿಂತೆವು. ಯಾರೂ ಬರಲಿಲ್ಲ. ಆ ಗುಲಾಬಿ ಬಣ್ಣಕ್ಕೆ ಒಂದು ಕೆಟ್ಟ ಗುಣವಿದೆ. ಗಾಳಿಗೆ ಬಿಟ್ಟು ಕಾಯಿಸಿದರೆ ತಾನಾಗಿಯೇ ಮಾಸಿ ಬರೀ ನೀರಾಗುತ್ತದೆ. ಅವಳು ಮತ್ತೆ ತೊಳೆದು ಮತ್ತೆ ಬಣ್ಣ ತಂದಳು. ಮತ್ತೆ ಫೋನು ಬಂತು, ಊಟ ಆಯಿತು, ಹೊರಟರು. ಬಣ್ಣ ಮತ್ತೆ ಹೋಯಿತು. ನಾನು ವಿವರಣೆಯನ್ನು ಅಷ್ಟು ಸಲ ಬಾಯಿಪಾಠ ಹೇಳಿದೆ, ಗೋಡೆಯ ಮೇಲಿನ ಹಲ್ಲಿ ಆ ವರ್ಷ ಪರೀಕ್ಷೆಗೆ ಕೂತಿದ್ದರೆ ಪಾಸಾಗುತ್ತಿತ್ತು.

ಕಡೆಗೆ ಸರ್ ಫೋನಿಗೆ ಕಾಲೇಜಿನ ಗುಂಪಿನಲ್ಲಿ ಒಂದು ಫೋಟೊ ಬಂತು. ಸರ್ ನೋಡಿ ಫೋನನ್ನು ನಮ್ಮ ಕೈಗೆ ಕೊಟ್ಟರು.

ಫೋಟೊದಲ್ಲಿ ಅಜ್ಜನ ಹೊಲ. ಆಳೆತ್ತರದ ಜೋಳದ ನಡುವೆ ಕಂಬಳಿ ಹಾಸಿದ್ದಾರೆ. ಕಮಿಟಿಯ ಮೂವರೂ ಬೂಟು ಬಿಚ್ಚಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಸಗಣಿ ಕುಳ್ಳಿನ ಕೆಂಡದಲ್ಲಿ ಹಸಿ ತೆನೆ ಸುಟ್ಟು, ಕೈಯಲ್ಲಿ ಉಜ್ಜಿ, ಊದಿ ಕೊಟ್ಟ ಸೀತನಿ ಅವರ ಬೊಗಸೆಯಲ್ಲಿದೆ. ಪಕ್ಕದಲ್ಲಿ ನಂಚಿಕೊಳ್ಳಲು ಶೇಂಗಾ ಹಿಂಡಿ, ಗಡಿಗೆ ಮೊಸರು. ಕಮಿಟಿ ಅಧ್ಯಕ್ಷರ ಮೀಸೆಯ ಮೇಲೆ ಬೂದಿ. ನಡುವೆ ಅಜ್ಜ, ಮೊಮ್ಮಗಳ ನಿಶ್ಚಿತಾರ್ಥವೇ ಆಯಿತೆನ್ನುವ ಹಾಗೆ ನಗುತ್ತಿದ್ದಾರೆ.

ನಡೆದದ್ದು ಆಮೇಲೆ ತಿಳಿಯಿತು. ಕಮಿಟಿಯವರು ಲ್ಯಾಬು ನೋಡೋಣ ಎಂದಿದ್ದರಂತೆ. ಅಜ್ಜ, "ಲ್ಯಾಬ್ ಎಲ್ಲಿ ಓಡಿ ಹೊಕ್ಕೈತ್ರಿ? ನಮ್ಮ ಹೊಲದ ದಾರ್ಯಾಗ ಐತಿ, ಬರೂಮುಂದ ನೋಡೀರಂತ. ಸೀತನಿ ದಿನದಾಗ ಊರಿಗೆ ಬಂದವರನ್ನ ಹೊಲಕ್ಕ ಕರಕೊಂಡು ಹೋಗಲಿಲ್ಲಂದ್ರ ನಾಳಿ ಜನಾ ನನ್ನ ಮಾರೀಗೆ ಉಗಳ್ತಾರ" ಎಂದು ಜೀಪು ಹತ್ತಿಸಿದ್ದರು. ಜೀಪು ನಮ್ಮ ಗೋದಾಮಿನ ಮುಂದಿನಿಂದಲೇ ಹೋಗಿತ್ತು. ಆ ಸಪ್ಪಳ ಕೇಳಿ ನಾವು ನೆಟ್ಟಗೆ ನಿಂತದ್ದು ನನಗೆ ನೆನಪಿದೆ.

ಸೀತನಿ ಎನ್ನುವುದು ಶುರುವಾದರೆ ನಿಲ್ಲುವ ತಿಂಡಿಯಲ್ಲ. ಅವರು ಏಳುವಷ್ಟರಲ್ಲಿ ಹೊತ್ತು ಇಳಿದಿತ್ತು, ಹುಬ್ಬಳ್ಳಿಯಲ್ಲಿ ರೈಲಿನ ಹೊತ್ತಾಗಿತ್ತು. ಜೀಪು ಬೇರೆ ದಾರಿಯಿಂದ ನೇರ ಧಾರವಾಡದ ರಸ್ತೆ ಹಿಡಿಯಿತು.

ಅವಳು ಫೋಟೊವನ್ನು ಬೆರಳಿಂದ ದೊಡ್ಡದು ಮಾಡಿ ನೋಡಿದಳು. ಆಮೇಲೆ ಫ್ಲಾಸ್ಕಿನಲ್ಲಿದ್ದ ನೀರನ್ನು ಚೆಲ್ಲಿ, ತೊಳೆದು, ಬೋರಲು ಹಾಕಿದಳು.

"ಅಜ್ಜ ಎಷ್ಟು ಖುಷಿಯಾಗ್ಯಾನ ನೋಡ" ಎಂದಳು.

ವರದಿಯಲ್ಲಿ ಎಲ್ಲ ಚೆನ್ನಾಗಿಯೇ ಬರೆದಿದ್ದರಂತೆ, ಲ್ಯಾಬು ನೋಡಿಲ್ಲ ಎಂಬುದನ್ನೂ ಸೇರಿಸಿ. ನೋಡದ ಲ್ಯಾಬಿಗೆ ಡಿಗ್ರಿ ಕೊಡುವ ಸರ್ಕಾರ ಇನ್ನೂ ಹುಟ್ಟಿಲ್ಲ. ಆ ವರ್ಷ ಅಪ್ಪಣೆ ಬರಲಿಲ್ಲ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ ಎಂದರು.

ಸುದ್ದಿ ಬಂದಾಗ ಅಜ್ಜ ಕಟ್ಟೆಯ ಮೇಲೆ ಕೂತಿದ್ದರಂತೆ. ಅವರ ಬಾಯಿಂದ ಬಂದದ್ದು ಒಂದೇ ಮಾತು. "ಉಂಡು ಹೋದ ಮಂದಿ ಹಿಂಗ ಬರದ್ರಾ?"

"ಅವ್ರು ಖರೇನ ಬರದಾರ ಅಜ್ಜ" ಎಂದು ಮೊಮ್ಮಗಳು ಅಂದಳಂತೆ.

ನಾನು ಬಸ್ಸು ಹತ್ತಿದೆ. ಧಾರವಾಡದ ಕಾಲೇಜಿನ ಲ್ಯಾಬು ಎಷ್ಟು ದೊಡ್ಡದೆಂದರೆ ಈ ತುದಿಯಲ್ಲಿ ಅಟೆಂಡನ್ಸ್ ಹೇಳಿದರೆ ಆ ತುದಿಗೆ ಮುಟ್ಟುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಅಲ್ಲಿ ಯಾರೂ ಸೀನುವುದಿಲ್ಲ. ನನ್ನ ಎಡಕ್ಕೆ ಕೂತವಳು ಹುಬ್ಬಳ್ಳಿಯ ಹುಡುಗಿ, ಒಳ್ಳೆಯವಳು, ನನ್ನ ಜೋಕಿಗೆ ನಗುತ್ತಾಳೆ. ಮೊದಲ ಪ್ರಾಕ್ಟಿಕಲ್ಲಿನಲ್ಲಿ ನಾನು ಹನಿ ಬಿಡುತ್ತ ಎಡಕ್ಕೆ ತಿರುಗಿ "ಸಾಕಾ?" ಎಂದೆ. ಅವಳು, "ನಂಗೇನ್ ಗೊತ್ತವಾ, ನಿಂದು ನೀ ನೋಡಕೋ" ಎಂದಳು. ಅವಳದೇನೂ ತಪ್ಪಿಲ್ಲ. ಫ್ಲಾಸ್ಕು ಮದುಮಗಳ ಸೀರೆಯಾಯಿತು. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಅದರ ಬಡಾಯಿ ಕೊಚ್ಚಲು ಯಾರಿದ್ದಾರೆ ಎನ್ನಿಸಿತು.

ಆ ವರ್ಷವೆಲ್ಲ ಅವಳು ಮನೆಯಲ್ಲಿದ್ದಳು. ನಾನು ಭಾನುವಾರ ಹೋಗಿ ಕಾಲೇಜಿನ ಕಥೆ ಹೇಳುತ್ತಿದ್ದೆ. ಇದ್ದದ್ದಕ್ಕೆ ರೆಕ್ಕೆ, ಇಲ್ಲದ್ದಕ್ಕೆ ಕೋಡು. ಅವಳು ರೊಟ್ಟಿ ಬಡಿಯುತ್ತ ಕೇಳಿ, ನಡುವೆ "ಅದಿರಲಿ, ಪಾಠ ಎಲ್ಲೀತನಕ ಬಂತು?" ಎನ್ನುತ್ತಿದ್ದಳು. ಆ ಪ್ರಶ್ನೆ ಬಂದ ಕೂಡಲೇ ನನಗೆ ಮನೆಯ ಕೆಲಸ ನೆನಪಾಗುತ್ತಿತ್ತು.

ಮತ್ತೆ ಜೋಳ ಹಾಲುಗಾಳು ಕಟ್ಟಿತು, ಮತ್ತೆ ಕಮಿಟಿ ಬಂತು. ನಾನು ಕಾಲೇಜು ತಪ್ಪಿಸಿ ಊರಲ್ಲೇ ಉಳಿದೆ. ಸರ್ ಅವಳನ್ನೇ ಕರೆಸಿದ್ದರು. ಬಿಳಿ ಕೋಟು ತೋಳಿನಲ್ಲಿ ಸ್ವಲ್ಪ ಗಿಡ್ಡವಾಗಿತ್ತು. ಅಜ್ಜ ಬೆಳಿಗ್ಗೆಯೇ ಗೋದಾಮಿನ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು, ಕೋಲು ಅಡ್ಡ ಇಟ್ಟು ಕೂತಿದ್ದರು. ಪಟಕ ಆ ದಿನ ಇನ್ನೂ ದೊಡ್ಡದಾಗಿತ್ತು. ಬಸ್‌ಸ್ಟ್ಯಾಂಡಿನಿಂದ ಲ್ಯಾಬಿನವರೆಗೆ ಯಾರೂ ಕಮಿಟಿಗೆ ಚಹಾ ಕೊಡಕೂಡದೆಂದು ಊರಿಗೆಲ್ಲ ತಾಕೀತು ಮಾಡಿದ್ದರು. ಜೀಪಿನಿಂದ ಇಳಿದವರಲ್ಲಿ ಬೂದಿ ಮೀಸೆಯ ಆ ಅಧ್ಯಕ್ಷರೂ ಇದ್ದರು.

"ಅಜ್ಜಾರ, ಆರಾಮ್ರ್ಯಾ? ಒಂದ್ ಸ್ವಲ್ಪ ನೀರು ಸಿಗತಾವೇನ್ರಿ?"

"ಸಿಗತಾವ್ರಿ. ಮೊದಲ ಲ್ಯಾಬ್ ನೋಡ್ರಿ."

"ಹೋದ ಸಲ ಸೀತನಿ ಭಾಳ ರುಚಿ ಇದ್ದೂ ನೋಡ್ರಿ."

"ಅದಕ್ಕ ಈ ಸಲ ಇಲ್ರಿ" ಎಂದು ಅಜ್ಜ ಕೋಲು ಸರಿಸಿ ದಾರಿ ಬಿಟ್ಟರು.

ಕಮಿಟಿಯವರು ಒಳಗೆ ಬಂದು ಕ್ರಮವಾಗಿ ಸೀನಿದರು. ಅವಳು ಹನಿ ಬಿಟ್ಟಳು. ನಾನು ವಿವರಣೆ ಹೇಳಬೇಕಾಗಿರಲಿಲ್ಲ, ನಾನೀಗ ಆ ಕಾಲೇಜಿನವಳಲ್ಲ. ಬಾಗಿಲ ಹತ್ತಿರ ಬಾಯಿ ಮುಚ್ಚಿ ನಿಂತಿದ್ದೆ. ಅದು ಊರಿನ ಇತಿಹಾಸದಲ್ಲಿ ಬರೆದಿಡಬೇಕಾದ ಸಂಗತಿ. ಬಣ್ಣ ಬಂತು. ಅಧ್ಯಕ್ಷರು ಫ್ಲಾಸ್ಕನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

"ಛಲೋ ಕೈ ಐತಿ. ಎಷ್ಟನೇ ವರ್ಷ ನೀನು?"

"ಇನ್ನೂ ಯಾವ ವರ್ಷಾನೂ ಅಲ್ರಿ" ಎಂದಳು.

ಅಧ್ಯಕ್ಷರು ಅವಳನ್ನು ನೋಡಿದರು, ಬಾಗಿಲಲ್ಲಿ ಕೂತ ಅಜ್ಜನನ್ನು ನೋಡಿದರು. ಫ್ಲಾಸ್ಕನ್ನು ಮೆಲ್ಲಗೆ ಟೈಲ್ಸಿನ ಮೇಲೆ ಇಟ್ಟರು.

ಮಳೆ ಶುರುವಾಗುವ ಹೊತ್ತಿಗೆ ಅಪ್ಪಣೆ ಬಂತು. ಅವಳು ಬಿ.ಎಸ್ಸಿ. ಮೊದಲ ವರ್ಷಕ್ಕೆ ಹೆಸರು ಹಚ್ಚಿದಳು. ಅದೇ ವಾರ ನಾನು ಪ್ರಿನ್ಸಿಪಾಲರ ಮುಂದೆ ನಿಂತೆ. ಧಾರವಾಡ ಬಿಟ್ಟು ಬರುತ್ತೇನೆ, ನನ್ನನ್ನು ಎರಡನೆಯ ವರ್ಷಕ್ಕೆ ಸೇರಿಸಿಕೊಳ್ಳಿ ಎಂದೆ. ನಾನು ಬರುವುದೆಂದರೆ ಅವರು ಬ್ಯಾಂಡು ಬಾರಿಸುತ್ತಾರೆಂದು ತಿಳಿದಿದ್ದೆ.

"ಎರಡನೇ ವರ್ಷ ಎಲ್ಲೈತವಾ? ಈಗ ಒಂದನೇದಕ್ಕ ಅಷ್ಟ ಪರವಾನಗಿ. ಎರಡನೇದು ಮುಂದಿನ ವರ್ಷ. ಅಷ್ಟರಾಗ ನೀ ಮೂರನೇದಕ್ಕ ಇರ್ತಿ."

ಹೊರಗೆ ಬಂದು ಅವಳಿಗೆ ಹೇಳಿದೆ.

"ಫೇಲಾಗಿ ಬಾ" ಎಂದಳು. "ನಿನಗೇನ್ ಅದು ಭಾಳ ಕಷ್ಟ ಅಲ್ಲ."

ಇಬ್ಬರೂ ನಕ್ಕೆವು. ಅವಳು ಬೇಗ ನಿಲ್ಲಿಸಿದಳು. ನಾನು ಇನ್ನೂ ಸ್ವಲ್ಪ ಹೊತ್ತು ನಕ್ಕೆ.

ಈಗ ನನ್ನ ಸಂಜೆಯ ಬಸ್ಸು ಊರು ಸೇರುವ ಮುಂಚೆ ಗೋದಾಮು ಕಾಣುವ ತಿರುವಿನಲ್ಲಿ ನಿಧಾನವಾಗುತ್ತದೆ, ಎಮ್ಮೆಗಳ ದಯೆಯಿಂದ. ಒಳಗೆ ಪ್ರಾಕ್ಟಿಕಲ್ ನಡೆದಿರುತ್ತದೆ. ದೀಪ ಹಚ್ಚಿರುತ್ತಾರೆ, ಬಿಳಿ ಕೋಟುಗಳು ಓಡಾಡುತ್ತವೆ. ನಾನು ಗುರುತು ಮಾಡಿಟ್ಟಿದ್ದ ಕಿಟಕಿಯ ಮೇಜು ಅವಳದೇ. ಬಲಕ್ಕೆ ಅವಳಿಗಿಂತ ಒಂದು ವರ್ಷ ಚಿಕ್ಕ ಹುಡುಗಿ ಕೂರುತ್ತಾಳಂತೆ, ಮಾತೇ ಆಡುವುದಿಲ್ಲವಂತೆ. ಬಸ್ಸಿನ ಹಾರ್ನು ಕೇಳಿದಾಗ ನನ್ನ ಗೆಳತಿ ಫ್ಲಾಸ್ಕನ್ನು ಎತ್ತಿ ಕಿಟಕಿಗೆ ಹಿಡಿಯುತ್ತಾಳೆ. ಅಷ್ಟು ದೂರಕ್ಕೆ ಕೈ ಕಾಣುತ್ತದೆ, ಬಣ್ಣ ಕಾಣುವುದಿಲ್ಲ.

ಬಸ್ಸು ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಫೋನಿಗೆ ಅವಳ ಮೆಸೇಜು ಬಂದಿರುತ್ತದೆ. "ಕಂಡಿತೇನು?"

"ಕಂಡಿತು. ಒಂದು ಹನಿ ಹೆಚ್ಚಾಗೇತಿ" ಎಂದು ಬರೆಯುತ್ತೇನೆ. ಅವಳು ಬೈಯುತ್ತಾಳೆ. ಅವಳದು ಹೆಚ್ಚಾಗಿರುವುದಿಲ್ಲ ಎಂದು ನನಗೆ ಗೊತ್ತು.